ಟ್ರಕ್ ಅಪಘಾತದ ಪರಿಹಾರಕ್ಕೆ 1099 ಅನ್ನೋ ಟ್ಯಾಕ್ಸ್ ಫಾರಂ ಬಂದಿದೆ, ಅಷ್ಟೂ ದುಡ್ಡಿಗೆ ಟ್ಯಾಕ್ಸ್ ಕಟ್ಟಬೇಕಾ?

ಹೇಮಾವತಿ ತೀರ:

ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಸ್‌ನಲ್ಲಿ. 2024ರ ಮಾರ್ಚ್‌ನಲ್ಲಿ ನಮ್ಮೆಜಮಾನ್ರು ಆಸ್ಟಿನ್‌ನಿಂದ ಡಲ್ಲಾಸ್‌ಗೆ ಹೋಗುವಾಗ ಐ-35ರಲ್ಲಿ, ವೇಕೋ ದಾಟಿದ ಮೇಲೆ, ಹದಿನೆಂಟು ಚಕ್ರದ ಟ್ರಕ್ ಹಿಂದಿನಿಂದ ಗುದ್ದಿತು. ಮುಂದೆ ಗಾಡಿಗಳು ನಿಂತಿದ್ದವು, ಇವರೂ ನಿಲ್ಲಿಸಿದ್ದರು. ಟ್ರಕ್ ನಿಲ್ಲಲಿಲ್ಲ. ಎಡತೊಡೆಯ ಮೂಳೆ ಎರಡು ಕಡೆ ಮುರಿದು ಎರಡು ಆಪರೇಷನ್ ಆಯ್ತು, ಏಳು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಈಗಲೂ ಮೆಟ್ಟಿಲು ಇಳಿಯುವಾಗ ಎಡಗಾಲು ಮೊದಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಒಂದು ಕ್ಷಣ ನಿಂತು, ಆಮೇಲೆ ಮುಂದಿನ ಮೆಟ್ಟಿಲು.

ಕೇಸು 2025ರ ಮೇನಲ್ಲಿ 4,20,000 ಡಾಲರ್‌ಗೆ ರಾಜಿಯಾಯ್ತು. ದುಡ್ಡು ಕೈಸೇರುವಷ್ಟರಲ್ಲಿ ನವೆಂಬರ್. ತಡ ಮಾಡಿದ್ದಕ್ಕೆ ಬಡ್ಡಿ ಅಂತ 6,150 ಡಾಲರ್ ಬೇರೆ ಕೊಟ್ಟರು. ವಕೀಲರ ಪಾಲು 1,40,000, ಕೇಸಿನ ಖರ್ಚು 9,000, ನಮ್ಮ ಹೆಲ್ತ್ ಇನ್ಶೂರೆನ್ಸ್‌ನವರು ಆಸ್ಪತ್ರೆಗೆ ಕಟ್ಟಿದ್ದನ್ನು ವಾಪಸ್ ಹಿಡಿದುಕೊಂಡದ್ದು 61,000. ಬಡ್ಡಿ ಬಿಟ್ಟರೆ ನಮಗೆ ಉಳಿದದ್ದು 2,10,000.

ಹೋದ ವಾರ ಟ್ರಕ್ ಕಡೆಯ ಇನ್ಶೂರೆನ್ಸ್‌ನಿಂದ ಎರಡು ಲಕೋಟೆ ಬಂದವು. ಒಂದರಲ್ಲಿ ಬಡ್ಡಿ ತೋರಿಸುವ 1099-ಇಂಟ್, 6,150 ಡಾಲರ್. ಇನ್ನೊಂದರಲ್ಲಿ 1099-ಮಿಸ್ಕ್, ಅದರ ಬಾಕ್ಸ್ 3ರಲ್ಲಿ, ಅಂದರೆ "ಇತರ ಆದಾಯ" ಅನ್ನೋ ಚೌಕದಲ್ಲಿ, ಪೂರ್ತಿ 4,20,000! ಅದನ್ನು ಸಾಫ್ಟ್‌ವೇರ್‌ಗೆ ಹಾಕಿದ ಕೂಡಲೇ ಒಂದು ಲಕ್ಷ ಡಾಲರ್‌ಗಿಂತ ಹೆಚ್ಚು ಟ್ಯಾಕ್ಸ್ ಕಟ್ಟಬೇಕು ಅಂತ ತೋರಿಸಿತು. ಇವರು ಪಕ್ಕದಲ್ಲೇ ಕೂತಿದ್ದರು. "ನನ್ನ ಕಾಲು ಮುರಿದದ್ದು ಸಂಪಾದನೆನಾ?" ಅಂದು ಸುಮ್ಮನಾದರು. ಅವತ್ತಿಂದ ನನಗೆ ನಿದ್ದೆ ಇಲ್ಲ.

ರಾಜಿ ಪತ್ರದಲ್ಲಿ "ದೈಹಿಕ ಗಾಯ ಮತ್ತು ಅದರಿಂದಾದ ನಷ್ಟಕ್ಕಾಗಿ" ಅಂತ ಬರೆದಿದೆ. ಅದರಲ್ಲೇ ಕಳೆದುಕೊಂಡ ಸಂಬಳದ ಬಾಬ್ತೂ ಇದೆ, ಹೆಂಡತಿಯಾಗಿ ನನಗಾದ ನಷ್ಟಕ್ಕೆ ಅಂತ 20,000 ನನ್ನ ಹೆಸರಿನಲ್ಲೂ ಇದೆ. ವಕೀಲರನ್ನು ಕೇಳಿದರೆ "ಟ್ಯಾಕ್ಸ್ ವಿಷಯ ನಾವು ಹೇಳೋದಿಲ್ಲ" ಅಂದರು. ತಿಳಿದವರು ದಯವಿಟ್ಟು ಹೇಳಿ.

ಲೆಕ್ಕದ ಮನೆ:

ಮೇಡಂ, ಮೊದಲು ನೆಮ್ಮದಿಯಾಗಿ ನಿದ್ದೆ ಮಾಡಿ. ನಾನು ಎನ್‌ರೋಲ್ಡ್ ಏಜೆಂಟ್, ಅಂದರೆ ತೆರಿಗೆ ಇಲಾಖೆಯ ಪರವಾನಗಿ ಇರುವ ಸಲಹೆಗಾರ, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಆ 4,20,000 ನಿಮ್ಮ ಆದಾಯ ಅಲ್ಲ. ತೆರಿಗೆ ಸಂಹಿತೆಯ 104(ಎ)(2) ಪ್ರಕಾರ ದೈಹಿಕ ಗಾಯದ ಕಾರಣಕ್ಕೆ ಸಿಕ್ಕ ಪರಿಹಾರಕ್ಕೆ ಫೆಡರಲ್ ಟ್ಯಾಕ್ಸ್ ಇಲ್ಲ. ಕೋರ್ಟ್ ತೀರ್ಪಿನಿಂದ ಬರಲಿ, ರಾಜಿಯಿಂದ ಬರಲಿ, ಎರಡೂ ಒಂದೇ.

ಸಂಬಳದ ಬಾಬ್ತಿನ ಬಗ್ಗೆ ತುಂಬಾ ಜನ ಹೆದರುತ್ತಾರೆ. ಸಂಬಳ ಬಂದಿದ್ದರೆ ಟ್ಯಾಕ್ಸ್ ಇರುತ್ತಿತ್ತು, ಅದರ ಬದಲಿಗೆ ಬಂದದ್ದಕ್ಕೂ ಇರಬೇಕಲ್ಲ ಅಂತ. ಇಲ್ಲ. ಮೂಳೆ ಮುರಿದದ್ದಕ್ಕೇ ಸಂಬಳ ಹೋಯಿತು, ಹಾಗಾಗಿ ಅದೂ ವಿನಾಯಿತಿಯ ಒಳಗೇ. ನಿಮ್ಮ ಹೆಸರಿನ 20,000ವೂ ಹಾಗೇ, ಅವರ ಗಾಯದಿಂದಲೇ ಹುಟ್ಟಿದ ನಷ್ಟ ಅದು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಆ ಚಿಂತೆ ಬಿಡಿ.

ಬಡ್ಡಿ ಮಾತ್ರ ಬೇರೆ. 6,150ಕ್ಕೆ ಟ್ಯಾಕ್ಸ್ ಕಟ್ಟಲೇಬೇಕು, ಆ 1099-ಇಂಟ್ ಸರಿಯಾಗಿದೆ. ತಪ್ಪಿರುವುದು ಇನ್ನೊಂದು ಕಾಗದ. 1099-ಮಿಸ್ಕ್ ತುಂಬುವವರಿಗೆ ಐಆರ್‌ಎಸ್, ಅಂದರೆ ಅಮೆರಿಕದ ತೆರಿಗೆ ಇಲಾಖೆ, ಕೊಟ್ಟಿರುವ ಸೂಚನೆಯಲ್ಲೇ ದೈಹಿಕ ಗಾಯದ ಪರಿಹಾರವನ್ನು ಅಲ್ಲಿ ತೋರಿಸಬೇಡಿ ಅಂತ ಇದೆ. ದಂಡದ ರೂಪದ ಪರಿಹಾರ, ಅಂದರೆ ಪ್ಯೂನಿಟಿವ್ ಡ್ಯಾಮೇಜಸ್, ಇದ್ದರೆ ಮಾತ್ರ ತೋರಿಸಬೇಕು. ನಿಮ್ಮ ಪತ್ರದಲ್ಲಿ ಆ ಪದ ಎಲ್ಲಾದರೂ ಇದೆಯಾ ನೋಡಿ. ಅದಕ್ಕೆ ಪೂರ್ತಿ ಟ್ಯಾಕ್ಸ್ ಬೀಳುತ್ತದೆ, ಅದರಲ್ಲಿ ವಕೀಲರಿಗೆ ಹೋದ ಪಾಲನ್ನೂ ಕಳೆಯೋಕೆ ಬಿಡೋದಿಲ್ಲ.

ಇನ್‌ಶೂರೆನ್ಸ್ ಕಂಪನಿಗೆ ಇವತ್ತೇ ಬರವಣಿಗೆಯಲ್ಲಿ ಕೇಳಿ: ರಾಜಿ ಪತ್ರದ ಪ್ರತಿ ಲಗತ್ತಿಸಿ, ಸರಿಪಡಿಸಿದ 1099 ಕೊಡಿ ಅಂತ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. "ತಪ್ಪು ಅವರದ್ದು" ಅಂತ ಆ ಕಾಗದವನ್ನು ಡ್ರಾಯರ್‌ಗೆ ಹಾಕಿ ಮರೆಯಬೇಡಿ. ಅದರ ಪ್ರತಿ ಐಆರ್‌ಎಸ್‌ಗೂ ಹೋಗಿರುತ್ತದೆ. ರಿಟರ್ನ್‌ನಲ್ಲಿ ಸುದ್ದಿಯೇ ಇಲ್ಲದಿದ್ದರೆ ಅವರ ಕಂಪ್ಯೂಟರ್ ಹೋಲಿಸಿ, ಲೆಕ್ಕ ತಾಳೆಯಾಗುತ್ತಿಲ್ಲ ಅನ್ನೋ ಸಿಪಿ2000 ನೋಟಿಸ್ ಕಳಿಸುತ್ತದೆ. ಕಂಪನಿ ಸರಿಪಡಿಸದಿದ್ದರೆ ಆ ಮೊತ್ತ ತೋರಿಸಿ, 104(ಎ)(2) ಹೆಸರಿಸಿ ಅಷ್ಟನ್ನೂ ಕಳೆದು, ವಿವರಣೆ ಲಗತ್ತಿಸಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ, ಇದನ್ನು ಸಾಮಾನ್ಯವಾಗಿ ಯಾರೂ ಕೇಳೋದಿಲ್ಲ. 2024ರ ರಿಟರ್ನ್‌ನಲ್ಲಿ ಆಸ್ಪತ್ರೆ ಖರ್ಚನ್ನು ಶೆಡ್ಯೂಲ್ ಎನಲ್ಲಿ, ಅಂದರೆ ಖರ್ಚುಗಳನ್ನು ಒಂದೊಂದಾಗಿ ತೋರಿಸುವ ಹಾಳೆಯಲ್ಲಿ, ಆದಾಯದಿಂದ ಕಳೆದಿದ್ದಿರಾ?

ಬಯಲುಸೀಮೆ:

ನನ್ನ ಅನುಭವ ಹೇಳ್ತೀನಿ, ಬೇರೆಯವರಿಗೆ ಉಪಯೋಗ ಆಗಬಹುದು. ಪಕ್ಕದ ಲೇನಿನಲ್ಲಿದ್ದ ಟ್ರಕ್ ನನ್ನ ಕಣ್ಣೆದುರೇ ಮಗುಚಿತು. ನನ್ನ ಕಾರಿಗೆ ತಾಗಲಿಲ್ಲ, ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಎಂಟು ತಿಂಗಳು ಹೈವೇ ಹತ್ತಲಾಗಲಿಲ್ಲ, ಸ್ಟಿಯರಿಂಗ್ ಹಿಡಿದರೆ ಕೈ ಬೆವರುತ್ತಿತ್ತು. ಕೊನೆಗೆ 25,000 ಡಾಲರ್‌ಗೆ ರಾಜಿಯಾದೆ. ಅದಕ್ಕೆ ಟ್ಯಾಕ್ಸ್ ಬಿತ್ತು. ಕೌನ್ಸೆಲಿಂಗ್‌ಗೆ ಕಟ್ಟಿದ್ದ 3,200 ಮಾತ್ರ ಬಿಟ್ಟರು. ಮೂಳೆ ಮುರಿದು ಅದರಿಂದ ಭಯ ಬಂದರೆ ವಿನಾಯಿತಿ, ಬರೀ ಭಯಕ್ಕೆ ಇಲ್ಲ. ನನಗಿದು ಈಗಲೂ ನ್ಯಾಯ ಅನಿಸೋದಿಲ್ಲ. ಮನಸ್ಸಿಗೆ ಬಿದ್ದ ಪೆಟ್ಟೂ ಪೆಟ್ಟೇ ಅಲ್ವಾ?

ಲೆಕ್ಕದ ಮನೆ:

@ಬಯಲುಸೀಮೆ, ನಿಮ್ಮ ನೋವು ಅರ್ಥವಾಗುತ್ತದೆ. 1996ರಲ್ಲಿ ಆ ಕಲಮಿಗೆ "ದೈಹಿಕ" ಅನ್ನೋ ಒಂದು ಪದ ಸೇರಿಸಿದರು. ನಿಮ್ಮಂಥವರೆಲ್ಲ ಆಚೆ ಉಳಿದದ್ದು ಅದರಿಂದಲೇ.

ಹೇಮಾವತಿ ತೀರ:

ಸರ್, ನಿಮ್ಮ ಉತ್ತರವನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. ಪತ್ರದಲ್ಲಿ ಪ್ಯೂನಿಟಿವ್ ಅನ್ನೋ ಪದ ಎಲ್ಲೂ ಇಲ್ಲ. ಆದರೆ ನಿಮ್ಮ ಕೊನೇ ಪ್ರಶ್ನೆಗೆ ಹೌದು. 2024ರಲ್ಲಿ ನಮ್ಮ ಆದಾಯ 1,12,000 ಡಾಲರ್. ಕೈಯಿಂದ ಆಸ್ಪತ್ರೆಗೆ ಕಟ್ಟಿದ್ದು 19,400, ಅದರಲ್ಲಿ ಆದಾಯದ ಏಳೂವರೆ ಪರ್ಸೆಂಟ್ ಬಿಟ್ಟು 11,000 ಕಳೆದಿದ್ದೆವು. ಅದಕ್ಕೆ ಮನೆ ಸಾಲದ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್ ಸೇರಿ ಒಟ್ಟು ಕಳೆದದ್ದು 35,000. ತಪ್ಪಾಯ್ತಾ? ಅಲ್ಲದೆ ಮಾವನವರು ಉಳಿದ ದುಡ್ಡನ್ನು ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ, ಅಂದರೆ ಅನಿವಾಸಿ ಭಾರತೀಯರ, ಎಫ್‌ಡಿ ಇಡಿ, ಅದರ ಬಡ್ಡಿಗೆ ಟ್ಯಾಕ್ಸ್ ಇಲ್ಲ ಅಂತಿದ್ದಾರೆ.

ಲೆಕ್ಕದ ಮನೆ:

ಆಗ ಕಳೆದದ್ದು ತಪ್ಪಲ್ಲ, ಸರಿಯಾಗೇ ಮಾಡಿದ್ದೀರಿ. ಆದರೆ ಆ ಖರ್ಚು ಈಗ ಪರಿಹಾರದಲ್ಲಿ ವಾಪಸ್ ಬಂತು. ಒಂದೇ ಬಿಲ್ಲಿಗೆ ಎರಡು ಸಲ ಲಾಭ ಕೊಡೋದಿಲ್ಲ, ಅಂದು ಸಿಕ್ಕ ಲಾಭದಷ್ಟನ್ನು ಪರಿಹಾರ ಕೈಸೇರಿದ 2025ರ ಆದಾಯಕ್ಕೆ ಸೇರಿಸಬೇಕು. ಎಷ್ಟು ಲಾಭ? 11,000 ಅಲ್ಲ. ಗಂಡ ಹೆಂಡತಿ ಜೊತೆಯಾಗಿ ಸಲ್ಲಿಸುವವರಿಗೆ 2024ರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚು ತೋರಿಸದೆಯೇ ಸಿಗುವ ಕಡಿತ, 29,200, ಅದು ಹೇಗೂ ಸಿಗುತ್ತಿತ್ತು. ನೀವು ಕಳೆದದ್ದು 35,000. ವ್ಯತ್ಯಾಸ 5,800. ಅಷ್ಟನ್ನೇ ಸೇರಿಸಿ, ಅವಸರದಲ್ಲಿ 11,000 ಬರೆದುಬಿಡಬೇಡಿ.

ಇನ್ನು ಎನ್‌ಆರ್‌ಇ. ಮಾವನವರು ಹೇಳಿದ್ದು ಭಾರತದ ಲೆಕ್ಕಕ್ಕೆ ಸರಿ. ಇಲ್ಲಿ ತೆರಿಗೆ ಕಟ್ಟುವವರು ಜಗತ್ತಿನ ಯಾವ ಮೂಲೆಯ ಬಡ್ಡಿಯನ್ನಾದರೂ ತೋರಿಸಬೇಕು, ಎನ್‌ಆರ್‌ಇ ಬಡ್ಡಿಗೂ ಇಲ್ಲಿ ಟ್ಯಾಕ್ಸ್ ಇದೆ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಅನ್ನೋ ಹೊರದೇಶದ ಖಾತೆಗಳ ವರದಿ ಸಲ್ಲಿಸಬೇಕು, ಅದರ ದಂಡ ದೊಡ್ಡದು. ಪರಿಹಾರದ ಹಣಕ್ಕೆ ವಿನಾಯಿತಿ, ಆ ಹಣ ಹಾಕುವ ಮರಿಗೆ ಇಲ್ಲ.

ಹೇಮಾವತಿ ತೀರ:

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಇನ್ಶೂರೆನ್ಸ್‌ನವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದಿದ್ದೆ. ಮೂರು ವಾರ ಸುದ್ದಿ ಇಲ್ಲ, ಎರಡು ಸಲ ಫೋನ್ ಮಾಡಿದೆ. ನಿನ್ನೆ ಹೊಸ ಫಾರಂ ಬಂತು. ಮೇಲ್ಗಡೆ "ಸರಿಪಡಿಸಿದ್ದು" ಅನ್ನೋ ಚೌಕದಲ್ಲಿ ಗುರುತು, ಬಾಕ್ಸ್ 3ರಲ್ಲಿ ಸೊನ್ನೆ. ಬಡ್ಡಿ 6,150, ಹಳೇ ಖರ್ಚಿನ 5,800 ಸೇರಿಸಿ ರಿಟರ್ನ್ ಕಳಿಸಿದೆವು. ಹೊಸ ಫಾರಂ ಇದ್ದ ಲಕೋಟೆ ತೆಗೆದುಕೊಂಡು ಬಂದವರು ಇವರೇ, ಮೆಟ್ಟಿಲು ಇಳಿದು ಮೇಲ್‌ಬಾಕ್ಸ್ ತನಕ ನಡೆದುಕೊಂಡು ಹೋಗಿ.