ಕನ್ವರ್ಟ್ ಮಾಡಿದ ಹಳೇ ಆರ್ಕೇಡ್ ಕ್ಯಾಬಿನೆಟ್: ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು?

ಪ್ರಶ್ನೆ (ಬಳ್ಳಾರಿ):
ಕೌಲ್ ಬಜಾರ್ ಕಡೆ ಪ್ಯಾಕ್‌ಮ್ಯಾನ್ (ಗೋಡೆಗಳ ಜಾಲದಲ್ಲಿ ಚುಕ್ಕಿ ತಿನ್ನೋ ಹಳೇ ವಿಡಿಯೋ ಗೇಮ್) ಕ್ಯಾಬಿನೆಟ್ ಒಂದು ಮಾರಾಟಕ್ಕಿದೆ. ಆಟದ ಮೂಲ ಸರ್ಕ್ಯೂಟ್ ಬೋರ್ಡ್ ತೆಗೆದು, ಜಾಮಾ (ಆರ್ಕೇಡ್ ಬೋರ್ಡ್ ಜೋಡಿಸೋ ಸ್ಟ್ಯಾಂಡರ್ಡ್) ವೈರಿಂಗ್ ಎಳೆದು 60 ಆಟದ ಬೋರ್ಡ್ ಹಾಕಿದ್ದಾರೆ. 19 ಇಂಚಿನ ಪಿಕ್ಚರ್ ಟ್ಯೂಬ್, ಅಮೆರಿಕದ ಮಾಲು, 110 ವೋಲ್ಟ್. 45 ಸಾವಿರ ಹೇಳ್ತಿದ್ದಾರೆ. ಒಂದೇ ತೊಂದರೆ, ಪ್ಯಾಕ್‌ಮ್ಯಾನ್ ಮೂಲೆಯಲ್ಲಿ ಸರಿಯಾಗಿ ತಿರುಗಲ್ಲ.

ಉತ್ತರ 1 (ರಾಯಚೂರು):
ಬೋರ್ಡ್ ನೋಡಿ ರೇಟು ಕಟ್ಟಬೇಡ್ರಿ, ಅದು ಹೊಸದೇ ಅಗ್ಗಕ್ಕೆ ಸಿಗತೈತಿ. ಟ್ಯೂಬ್ ನೋಡ್ರಿ, ಅದು ಈಗ ಹೊಸದು ಸಿಗಂಗಿಲ್ಲ. ನೀವು ಹೋಗೋ ಮುಂಚೆ ಮಷೀನ್ ಆನ್ ಮಾಡಿ ಇಡಬೇಡ್ರಿ ಅಂತ ಹೇಳ್ರಿ. ತಣ್ಣಗಿದ್ದಾಗ ಹಚ್ಚಿದರೆ ಚಿತ್ರದ ಅಂಚು ಸೊಟ್ಟ ಆಗಿ, ಬಿಸಿಯಾದ ಮೇಲೆ ನೆಟ್ಟಗಾದರೆ ಚಾಸಿಯ (ಟ್ಯೂಬ್ ನಡೆಸೋ ಸರ್ಕ್ಯೂಟಿನ) ಕೆಪಾಸಿಟರ್ ಒಣಗ್ಯಾವ ಅನ್ನೋ ಅನುಮಾನ ಇರಲಿ. ನಮ್ಮ ಬಿಸಿಲಿಗೆ ಅವು ಬೇಗ ಒಣಗತಾವ. ಆಮೇಲೆ ಆಫ್ ಮಾಡಿ ಗಾಜಿಗೆ ಓರೆಯಾಗಿ ಟಾರ್ಚ್ ಹಿಡೀರಿ. ಹಳೇ ಆಟದ ಗೋಡೆಗೆರೆ ಕಂದು ಬಣ್ಣದಾಗ ಅಚ್ಚಾಗಿದ್ದರೆ ಅದು ಹೋಗಂಗಿಲ್ಲ.
ಮೂಲೆ ತಿರುಗದಿರೋದು ಬೋರ್ಡಿನ ತಪ್ಪು ಇರಲಿಕ್ಕಿಲ್ಲ. ಈ ಆಟಕ್ಕ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಬೇಕು, ಅವರು ಎಂಟು ದಿಕ್ಕಿಂದು ಹಾಕಿರಬಹುದು. ಕೆಲವದರಾಗ ಕೆಳಗಿನ ಪ್ಲೇಟ್ ತಿರುಗಿಸಿದರೆ ನಾಲ್ಕು ದಿಕ್ಕಾಗತೈತಿ.

ಉತ್ತರ 2 (ಕೊಪ್ಪಳ):
ನೇರ 230ಕ್ಕೆ ಚುಚ್ಚಬೇಡಿ. 500 ವಿಎ ಸ್ಟೆಪ್‌ಡೌನ್ (230ನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿ. ಮಾನಿಟರ್‌ಗೆ ಒಳಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಕರೆಂಟ್ ಲೈನಿನ ನೇರ ಸಂಪರ್ಕ ತಪ್ಪಿಸುವಂಥದ್ದು) ಬೇರೆಯೇ ಇರಬೇಕು. ಕನ್ವರ್ಟ್ ಮಾಡುವವರು ಅದನ್ನು ಕಿತ್ತಿದ್ದರೆ ಚಾಸಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಟ್ಯೂಬಿನ ಆನೋಡ್‌ನಲ್ಲಿ (ಹೈ ವೋಲ್ಟೇಜ್ ವೈರ್ ಸೇರುವ ಜಾಗ) 20 ಸಾವಿರ ವೋಲ್ಟ್ ದಾಟಿರುತ್ತದೆ, ಆಫ್ ಆದರೂ ಚಾರ್ಜ್ ಉಳಿದಿರುತ್ತದೆ, ಅದನ್ನು ಮುಚ್ಚಿರುವ ಕೆಂಪು ರಬ್ಬರ್ ಟೊಪ್ಪಿಗೆ ಕೈ ಹಾಕಬೇಡಿ.
ಬೋರ್ಡಿಗೆ ಬರುವ 5 ವೋಲ್ಟನ್ನು ಪವರ್ ಸಪ್ಲೈ ಬಳಿ ಅಲ್ಲ, ಬೋರ್ಡಿನ ಮೇಲೆ ಅಳೆಯಿರಿ. 4.9ರಿಂದ 5.1 ಸರಿ. ಕಡಿಮೆ ಬಿದ್ದರೆ ಆಟ ತಾನಾಗಿ ರೀಸೆಟ್ ಆಗುತ್ತದೆ. 56 ಪಿನ್ನಿನ ಜಾಮಾ ಕನೆಕ್ಟರ್‌ನಲ್ಲಿ 7ನೇ ಜಾಗದ ಕೀ (ಉಲ್ಟಾ ಹಾಕದಂತೆ ತಡೆಯುವ ತುಂಡು) ಇದೆಯಾ ನೋಡಿ, ಇಲ್ಲದಿದ್ದರೆ ತಿರುಗಿಸಿ ಹಾಕಿ ಬೋರ್ಡ್ ಸುಡುವುದು ಸುಲಭ.

ಪ್ರಶ್ನೆ ಕೇಳಿದವರು:
ಎಲ್ಲಾ ಸರಿಯಿದ್ದರೆ ರೇಟು ಎಷ್ಟು ಇಳಿಸಬಹುದು?

ಉತ್ತರ 1:
ಮೂಲ ಬೋರ್ಡ್ ಇಲ್ಲ, ಹಂಗಾಗಿ ಸಂಗ್ರಹಕಾರರ ಬೆಲೆ ಕೊಡಬೇಡ್ರಿ. ಬುಡಕ್ಕ ಸ್ಕ್ರೂಡ್ರೈವರ್ ಚುಚ್ಚಿ ನೋಡ್ರಿ, ನೀರು ಕುಡಿದು ಉಬ್ಬಿದ್ದರೆ ಅಥವಾ ಗೆದ್ದಲು ಹತ್ತಿದ್ದರೆ ಅಲ್ಲೇ ಇಳಿಸ್ರಿ. ಟೆಂಪೊದಾಗ ನೆಟ್ಟಗೆ ನಿಲ್ಲಿಸಿ ಕಟ್ಟಿಸ್ರಿ.