ಇಂಗ್ಲೆಂಡಿನಲ್ಲಿ ಸಹಿ ಹಾಕದಿದ್ದರೂ ನಾವು ಅಂಗದಾನಿಗಳಾ?

ದಾವಣಗೆರೆ ಹುಡುಗ:
ನಾನು, ಹೆಂಡತಿ ಮ್ಯಾಂಚೆಸ್ಟರಿಗೆ ಬಂದು ಎರಡು ವರ್ಷ ಆಯ್ತು. ಮೊನ್ನೆ ಆಫೀಸಿನಲ್ಲಿ ಒಬ್ಬರು ಹೇಳಿದರು, ಇಲ್ಲಿ 2020ರ ಮೇ 20ರಿಂದ ಕಾನೂನು ಬದಲಾಗಿದೆ, ಬೇಡ ಅಂತ ನಾವಾಗಿ ನೋಂದಾಯಿಸದಿದ್ದರೆ ಅಂಗದಾನಕ್ಕೆ ಒಪ್ಪಿದ್ದೀವಿ ಅಂತಲೇ ಲೆಕ್ಕವಂತೆ. ವೀಸಾ ಮೇಲೆ ಇರುವವರಿಗೂ ಇದು ಅನ್ವಯ ಆಗುತ್ತಾ? ಬೇಸಿಗೆಗೆ ಅಪ್ಪ ಅಮ್ಮ ಬರ್ತಿದ್ದಾರೆ, ಅವರಿಗೂ? ದಾನ ಮಾಡೋಕೆ ನನ್ನ ತಕರಾರಿಲ್ಲ. ಆದರೆ ಕೇಳದೇ ತಗೊಂಡರೆ ಅದು ದಾನ ಹೇಗಾಗುತ್ತೆ? ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಬಿಡ್ತು ಅನ್ನು" ಅಂತ ಮಾತೇ ಮುಗಿಸಿಬಿಟ್ಟರು.

ಕರಾವಳಿ ನರ್ಸ್:
ವೀಸಾ ಯಾವುದು ಅಂತ ನೋಡಲ್ಲ. 18 ತುಂಬಿರಬೇಕು, ಸಾಯುವ ಮುಂಚಿನ 12 ತಿಂಗಳು ಇಂಗ್ಲೆಂಡಿನಲ್ಲೇ ವಾಸ ಇರಬೇಕು, ಈ ಕಾನೂನು ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿ ಇದ್ದಿರಬೇಕು. ಹಾಗಾಗಿ ನೀವಿಬ್ಬರೂ ಈ ಕಾನೂನಿನಡಿ ಬರ್ತೀರಿ, ಸುತ್ತಾಡೋಕೆ ಬರುವ ಅಪ್ಪ ಅಮ್ಮನಿಗೆ ಇದು ಅನ್ವಯ ಆಗಲ್ಲ.

ಕೇಳದೇ ತಗೊಳ್ತಾರೆ ಅನ್ನೋದು ಮಾತ್ರ ನಿಜ ಅಲ್ಲ. ನಾನು ಇಲ್ಲೇ ಐಸಿಯುನಲ್ಲಿ ಕೆಲಸ ಮಾಡ್ತೀನಿ. ಅಂಗದಾನಕ್ಕೆಂದೇ ಇರುವ ನರ್ಸ್ ರಿಜಿಸ್ಟರ್ ನೋಡಿಕೊಂಡು ಬಂದು, ಮನೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, "ಅವರು ಇದರ ಬಗ್ಗೆ ಯಾವತ್ತಾದರೂ ಮಾತಾಡಿದ್ರಾ?" ಅಂತ ಕೇಳ್ತಾರೆ. ಆ ಹೊತ್ತಿಗೆ ಹಾಸಿಗೆ ಮೇಲೆ ವೆಂಟಿಲೇಟರಿನಿಂದ ಎದೆ ಏರಿಳೀತಾ ಇರುತ್ತೆ, ಕೈ ಮುಟ್ಟಿದರೆ ಬೆಚ್ಚಗಿರುತ್ತೆ, ಮಾನಿಟರಿನಲ್ಲಿ ಗೆರೆ ಓಡ್ತಾ ಇರುತ್ತೆ. ಮೆದುಳು ಸತ್ತಿದೆ ಅಂತ ಡಾಕ್ಟರು ಹೇಳಿದ್ದನ್ನು ನಂಬೋದೇ ಕಷ್ಟ. ಅಂಥ ಹೊತ್ತಲ್ಲಿ ಸತ್ತವರ ಇಷ್ಟ ಏನಿತ್ತು ಅಂತ ಗೊತ್ತಿಲ್ಲದಿದ್ದರೆ ಬೇಡ ಅನ್ನೋದೇ ಸುಲಭ. ಮನೆಯವರು ಖಡಾಖಂಡಿತ ಬೇಡ ಅಂದರೆ ಮುಂದುವರಿಯಲ್ಲ. ಕಾನೂನು ಬಂದ ಮೇಲೂ ಇಂಗ್ಲೆಂಡಿನಲ್ಲಿ ಒಪ್ಪುವ ಕುಟುಂಬಗಳು ಜಾಸ್ತಿ ಆಗಿಲ್ಲ. ನಮ್ಮ ಏಷ್ಯಾದವರು ಒಪ್ಪೋದು ಬಿಳಿಯರಿಗಿಂತ ತುಂಬಾ ಕಡಿಮೆ, ಅದೇ ಕಿಡ್ನಿಗೆ ಕಾಯೋದು ನಮ್ಮವರೇ ಜಾಸ್ತಿ ದಿನ. ಇದು ನನಗೆ ನಿಜವಾಗಿಯೂ ಸಂಕಟ ಕೊಡುತ್ತೆ.

ಬಸವನಗುಡಿ:
ನಮ್ಮಲ್ಲೂ ಇದೇ ಕಾನೂನು ತರಬೇಕು ಅಂತೀನಿ. ನಮ್ಮ ಭಾವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಇಷ್ಟೇ ಅಂತ ನೀರನ್ನೂ ಲೋಟದಲ್ಲಿ ಅಳೆದು ಕುಡೀತಾರೆ, ಸಾರು ಮಜ್ಜಿಗೆ ಎಲ್ಲ ಆ ಲೆಕ್ಕದಲ್ಲೇ. ಕರ್ನಾಟಕದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯ್ತಾ ಇದ್ದಾರೆ. ಇಂಥದ್ದೇ ಕಾನೂನು ಇರುವ ಸ್ಪೇನಿನಲ್ಲಿ ಸತ್ತ ಮೇಲೆ ಅಂಗ ಕೊಡುವವರು ವರ್ಷಕ್ಕೆ ಹತ್ತು ಲಕ್ಷ ಜನಕ್ಕೆ 40ಕ್ಕಿಂತ ಜಾಸ್ತಿ, ನಮ್ಮಲ್ಲಿ ಆ ಲೆಕ್ಕದಲ್ಲಿ ಒಬ್ಬರೂ ಇಲ್ಲ. ಪುನೀತ್ ಹೋದಾಗ ಕಣ್ಣು ಬರೆದುಕೊಡೋಕೆ ಜನ ಹೇಗೆ ಮುಗಿಬಿದ್ದರು ನೆನಪಿದೆಯಲ್ಲ? ಮನಸ್ಸು ಇದೆ ಸ್ವಾಮಿ, ಫಾರಂ ತುಂಬೋಕೆ ಸೋಮಾರಿತನ.

ತುಮಕೂರು ಮೇಷ್ಟ್ರು:
ಬಸವನಗುಡಿಯವರೇ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಸ್ಪೇನಿನ ಕಾನೂನು 1979ರದ್ದು, ಅಲ್ಲಿ ದಾನ ಏರಿದ್ದು 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆಗಳಲ್ಲೇ ಇದಕ್ಕೆಂದು ತರಬೇತಾದ ಡಾಕ್ಟರುಗಳನ್ನು ಇಟ್ಟ ಮೇಲೆ. ಅಲ್ಲೂ ಮನೆಯವರನ್ನು ಕೇಳ್ತಾರೆ. ಬ್ರೆಜಿಲ್ 1997ರಲ್ಲಿ ಇಂಥದ್ದೇ ಕಾನೂನು ತಂದು, ಜನ ಹೆದರಿ ಗಲಾಟೆಯಾಗಿ, ಮರುವರ್ಷವೇ ವಾಪಸ್ ತಗೊಂಡಿತು. ಕಿಡ್ನಿ ದಂಧೆಯ ಸುದ್ದಿ ಓದಿಕೊಂಡೇ ಬಂದ ನಮ್ಮ ಜನ ಸುಮ್ನೆ ಇರ್ತಾರಾ? ನಮ್ಮ 1994ರ ಅಂಗ ಕಸಿ ಕಾಯ್ದೆಯಲ್ಲಿ ಮೆದುಳಿನ ಸಾವನ್ನು ನಾಲ್ಕು ಡಾಕ್ಟರುಗಳು, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸಬೇಕು. ಅಷ್ಟು ವ್ಯವಸ್ಥೆ ಎಷ್ಟು ತಾಲ್ಲೂಕಿನಲ್ಲಿದೆ ಹೇಳಿ. ಮೊದಲು ಅದು ಆಗಲಿ.

ಬಸವನಗುಡಿ:
ಅದೂ ಆಗಲಿ, ಇದೂ ಆಗಲಿ ಮೇಷ್ಟ್ರೇ. ಎಲ್ಲ ಸರಿಹೋಗೋವರೆಗೂ ಕಾಯೋಕೆ ಭಾವನ ಹತ್ತಿರ ಟೈಮಿಲ್ಲ.

ದಾವಣಗೆರೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮಾತಾಡಿ ಇಬ್ಬರೂ "ಹೌದು" ಅಂತಲೇ ನೋಂದಾಯಿಸಿದ್ವಿ. ಹೆಂಡತಿ ಕಣ್ಣು ಮಾತ್ರ ಬೇಡ ಅಂದಳು, ಅದನ್ನು ಬಿಡೋಕೂ ಅವಕಾಶ ಇತ್ತು. ಇನ್ನೊಂದು ಪ್ರಶ್ನೆ. ದೇಹ ಊರಿಗೆ ಕಳಿಸೋದಾದರೆ ತೊಂದರೆ ಆಗುತ್ತಾ? ಅಮ್ಮನ ಭಯ ಅದೇ.

ಕರಾವಳಿ ನರ್ಸ್:
ಆಗಲ್ಲ. ಬೇರೆ ಆಪರೇಷನ್ ಥರಾನೇ ನೀಟಾಗಿ ಹೊಲಿಗೆ ಹಾಕಿ ಕೊಡ್ತಾರೆ, ಬಟ್ಟೆ ತೊಡಿಸಿದರೆ ಕಾಣಲ್ಲ, ಮುಖ ನೋಡಬಹುದು, ಊರಿನಲ್ಲಿ ವಿಧಿ ಎಲ್ಲ ಮಾಡಬಹುದು. ನೋಂದಣಿಯಲ್ಲೇ "ನನ್ನ ಧರ್ಮ, ನಂಬಿಕೆ ಬಗ್ಗೆ ಮನೆಯವರ ಹತ್ತಿರ ಮಾತಾಡಿ" ಅಂತ ಹೇಳೋಕೆ ಒಂದು ಆಯ್ಕೆ ಇದೆ, ಅದಕ್ಕೂ ಹೌದು ಅನ್ನಿ. ಅಮ್ಮ ಬಂದಾಗ ಬೇಕಿದ್ದರೆ ನನಗೆ ಫೋನ್ ಮಾಡಿಸಿ, ನಾನೇ ಮಾತಾಡ್ತೀನಿ.