ಅಪ್‌ಡೇಟ್: ಮೆಂಟರ್ ಡೈರಿ ಬರೀ ಸಹಿ ಪುಸ್ತಕವಾಗಿದೆ ಎಂದು ಕೇಳಿದ್ದೆನಲ್ಲ

ಪದವಿ ಕಾಲೇಜಿನಲ್ಲಿ ಮೆಂಟರ್ ಭೇಟಿ (ಅಧ್ಯಾಪಕರು ತಮಗೆ ವಹಿಸಿದ ವಿದ್ಯಾರ್ಥಿಗಳನ್ನು ಆಗಾಗ ಮಾತಾಡಿಸಿ ಡೈರಿಯಲ್ಲಿ ಬರೆದಿಡುವುದು) ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕಡತಕ್ಕಷ್ಟೇ ಆಗದೆ ಮಕ್ಕಳಿಗೂ ಉಪಯೋಗವಾಗಲು ಏನು ಮಾಡಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಈಗ ಹೀಗೆ ನಡೆಸುತ್ತಿದ್ದೇವೆ.

"ಏನಾದ್ರೂ ತೊಂದ್ರೆ ಇದ್ಯಾ?" ಎಂದರೆ "ಇಲ್ಲ ಸರ್" ಅಂತಲೇ ಉತ್ತರ. ಬದಲಿಗೆ ಹಾಜರಿ, ಪಾಸಾಗದೆ ಬಾಕಿ ಉಳಿದ ವಿಷಯ, ಬಸ್ ಪಾಸ್, ವಿದ್ಯಾರ್ಥಿವೇತನ ಎಂದು ಒಂದೊಂದನ್ನೇ ಕೇಳುತ್ತೇವೆ. ಹಾಜರಿಯನ್ನು ತಿಂಗಳ ಕೊನೆಗೇ ನೋಡಬೇಕು. ಸೆಮಿಸ್ಟರ್ ಮುಗಿಯುವಾಗ ನೋಡಿದರೆ 75% ತುಂಬಿಸಲು ತರಗತಿಗಳೇ ಉಳಿದಿರುವುದಿಲ್ಲ.

ಹೆಚ್ಚು ಸಮಯ ತಿನ್ನುವುದು ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ. ಅರ್ಜಿ ಮಂಜೂರಾದರೂ ಹಣ ಬರದಿದ್ದರೆ ಮೊದಲು ಮೈ ಆಧಾರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಸೀಡಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಎಂಬ ಜೋಡಣೆ) ಸ್ಥಿತಿ ನೋಡಿ. ಖಾತೆಗೆ ಆಧಾರ್ ಲಿಂಕ್ ಆಗಿರುವುದೇ ಬೇರೆ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಮ್ಯಾಪಿಂಗ್, ಅಂದರೆ ಈ ಸೀಡಿಂಗ್, ಬೇರೆ. ಹಣ ಹೋಗುವುದು ಕೊನೆಯದಾಗಿ ಸೀಡ್ ಆದ ಖಾತೆಗೆ. ಎಷ್ಟೋ ಸಲ ಅದು ಹುಡುಗರು ಮರೆತೇಬಿಟ್ಟ ಖಾತೆ! ಆಧಾರ್‌ಗೂ ಅಂಕಪಟ್ಟಿಗೂ ಇನಿಷಿಯಲ್ ಹೊಂದದಿದ್ದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಲಿ.

ಮನೆ ಜಗಳ, ಖಿನ್ನತೆಯಂಥ ಮಾತನ್ನು ಡೈರಿಯಲ್ಲಿ ಬರೆಯುವುದಿಲ್ಲ, ಅದು ಹತ್ತು ಕೈ ದಾಟುತ್ತದೆ. "ಆಪ್ತಸಮಾಲೋಚನೆಗೆ ಕಳಿಸಿದೆ" ಎಂದಷ್ಟೇ, ದಿನಾಂಕದೊಂದಿಗೆ. ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ದೂರಿಗೆ 1800-180-5522. ಎರಡನ್ನೂ ಐಡಿ ಕಾರ್ಡ್ ಹಿಂಬದಿಗೆ ಅಚ್ಚು ಹಾಕಿಸಿ. ನೋಟಿಸ್ ಬೋರ್ಡ್ ಮುಂದೆ ನಿಂತು ಯಾರೂ ನಂಬರ್ ಬರೆದುಕೊಳ್ಳುವುದಿಲ್ಲ.